ನೋವಿನ ಮಾತ್ರೆ ನುಂಗಿದರೆ ಮೈಯೆಲ್ಲ ಗಂಧೆ: ಯಾವ ಪರೀಕ್ಷೆ ಮಾಡಿಸಲಿ?

ಸೊಂಟನೋವಿಗೆ ಡೈಕ್ಲೋಫೆನಾಕ್ ತಗೊಂಡ ಮುಕ್ಕಾಲು ಗಂಟೆಗೆ ಅಮ್ಮನಿಗೆ ಮೈಯೆಲ್ಲ ಪಿತ್ತದ ಗಂಧೆ, ತುಟಿ ಊತ. ಹೋದ ವರ್ಷ ಐಬುಪ್ರೊಫೆನ್‌ಗೂ ಹೀಗೇ ಆಗಿತ್ತು. ಲ್ಯಾಬಿನವರು ರಕ್ತದ ಅಲರ್ಜಿ ಪ್ಯಾನೆಲ್ ಮಾಡಿಸಿ ಅಂತಿದ್ದಾರೆ. ಯಾರಾದರೂ ಮಾಡಿಸಿದ್ದೀರಾ?

• ನಾನು ಮಾಡಿಸಿದ್ದೆ, ದುಡ್ಡು ದಂಡ. ಧೂಳು, ಸಿಗಡಿ ಅಂತೆಲ್ಲ ಬಂತು, ಮಾತ್ರೆಯ ಸುದ್ದಿಯೇ ಇಲ್ಲ. ಆಮೇಲೆ ಹೋದ ಚರ್ಮದ ಡಾಕ್ಟರು ಸೂಜಿಯನ್ನೇ ಮುಟ್ಟಲಿಲ್ಲ. ಯಾವ ಮಾತ್ರೆ, ಎಷ್ಟು ಎಂಜಿ, ನುಂಗಿ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಇಳಿಯಿತು, ಫೋಟೊ ಇದೆಯಾ, ಇಷ್ಟೇ ಕೇಳಿದ್ದು. ಎರಡು ಬೇರೆ ಬೇರೆ ಮಾತ್ರೆಗೂ ಗಂಧೆ ಎದ್ದರೆ ಹೆಚ್ಚಾಗಿ ಅದು ಒಂದು ಔಷಧಿಯ ಜಗಳವಲ್ಲವಂತೆ. ಈ ನೋವಿನ ಮಾತ್ರೆಗಳ ಬಳಗವೆಲ್ಲ ಕಾಕ್ಸ್-1 ಅನ್ನುವ ಕಿಣ್ವವನ್ನು ತಡೆಯುತ್ತದೆ, ತೊಂದರೆ ಬರುವುದು ಅಲ್ಲಿಂದ. ಹಾಗಾಗಿ ರಕ್ತದಲ್ಲೂ ಚುಚ್ಚುಪರೀಕ್ಷೆಯಲ್ಲೂ ಸಿಗುವುದಿಲ್ಲ. ನನಗೆ ಆಸ್ಪತ್ರೆಯಲ್ಲಿ ಕೂರಿಸಿಕೊಂಡು, ಕಾಕ್ಸ್-1 ಅನ್ನು ಅಷ್ಟಾಗಿ ಮುಟ್ಟದ ನೋವಿನ ಮಾತ್ರೆ ಎಟೊರಿಕಾಕ್ಸಿಬ್ ಮೊದಲು ಚೂರು, ಆಮೇಲೆ ಉಳಿದದ್ದು ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಈಗ ಅದು, ಇಲ್ಲವೇ ಪ್ಯಾರಾಸಿಟಮಾಲ್ 500. ಪರೀಕ್ಷೆಗೆ ಮುಂಚೆ ಒಂದು ವಾರ ಅಲರ್ಜಿ ಮಾತ್ರೆ ಸೆಟಿರಿಜಿನ್ ನಿಲ್ಲಿಸಿದ್ದರು. ದಯವಿಟ್ಟು ಮನೆಯಲ್ಲಿ ಈ ಸಾಹಸ ಬೇಡ.

• ನಮ್ಮ ಕಡೆ ಕತಿನೇ ಬ್ಯಾರೆ ಇತ್ರಿ. ತಂಗಿಗೆ ಮಣಿಕಟ್ಟಿನ ಮ್ಯಾಲೆ ರೂಪಾಯಿಯಷ್ಟು ಕೆಂಪು ಕಲೆ, ತಿಂಗಳಾ ತಿಂಗಳಾ ಅದ ಜಾಗಾದಾಗ ಏಳತಿತ್ತು, ಆಮ್ಯಾಲೆ ಕರ್ರಗೆ ಉಳೀತಿತ್ತು. ಹುಳಕಡ್ಡಿ ಅಂತ ವರ್ಷಾನುಗಟ್ಲೆ ಮುಲಾಮು ಹಚ್ಚಿದ್ವಿ. ಮುಟ್ಟಿನ ಹೊಟ್ಟಿನೋವಿಗೆ ತಗೋತಿದ್ದ ಮೆಫೆನಾಮಿಕ್ ಆಸಿಡ್ ಕಾರಣ ಅಂತ ಕಡೀಗೆ ಗೊತ್ತಾತು. ಔಷಧಿ ಸವರಿದ ಪಟ್ಟಿ ಚರ್ಮಕ್ಕ ಹಚ್ಚಿ ನೋಡೂದು ಸೈತ ಆ ಕಲೀ ಮ್ಯಾಲೇನ. ಬೆನ್ನಿನ ಮ್ಯಾಲೆ ಹಚ್ಚಿದ್ದು ಏನೂ ತೋರಸಲಿಲ್ಲ.

• ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ಹೊಸ ಮಾತ್ರೆ ಶುರುವಾದ ಮೇಲೆ ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮದಲ್ಲಿ ಗುಳ್ಳೆ, ಉರಿ, ಜ್ವರ ಕಂಡರೆ ಪರೀಕ್ಷೆ ಗಿರೀಕ್ಷೆ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ. ತುಟಿ ಊತದ ಜೊತೆ ಉಸಿರು ಕಟ್ಟಿದರೂ ಅಷ್ಟೇ. ಕೆಲವು ವಾರ ಕಳೆದ ಮೇಲೂ ಜ್ವರ, ದದ್ದು ಬರಬಹುದು. ಮೆಫೆನಾಮಿಕ್ ಆಸಿಡ್‌ನಿಂದ ಹೀಗಾಗಬಹುದು ಅಂತ 2023ರಲ್ಲಿ ಸರ್ಕಾರದ ಎಚ್ಚರಿಕೆಯೇ ಬಂದಿತ್ತು. ಇನ್ನೊಂದು: ಸ್ಟ್ರಿಪ್ ಬಿಸಾಡಬೇಡಿ. 'ಬಿಳಿ ಮಾತ್ರೆ, ಉದ್ದಕ್ಕಿತ್ತು' ಅಂದರೆ ನಮಗೇನು ಗೊತ್ತಾಗಬೇಕು?

• ಅಮ್ಮನಿಗೆ ಮಾತ್ರೆ ಇಲ್ಲದಾಗಲೂ ಗಂಧೆ ಏಳುತ್ತದಾ, ಕೇಳಿ ನೋಡಿ. ಮೊದಲೇ ಆ ತೊಂದರೆ ಇದ್ದವರಿಗೆ ನೋವಿನ ಮಾತ್ರೆ ಅದನ್ನು ಕೆರಳಿಸುತ್ತದೆ.

ಕೇಳಿದೆ. ವಾರಕ್ಕೆರಡು ಸಲ ಏಳುತ್ತದಂತೆ, ಬಿಸಿಲಿನ ಉಷ್ಣ ಅಂದುಕೊಂಡು ಯಾರಿಗೂ ಹೇಳಿಲ್ಲ. ಪ್ಯಾನೆಲ್ ಬಿಟ್ಟೆ. ಸ್ಟ್ರಿಪ್‌ಗಳನ್ನು ಹುಡುಕುತ್ತಿದ್ದೇನೆ.