ಗಟ್ಟಿ ಆಯಿಲ್ ಬೇಡ ಅಕ್ಕ

ಅಕ್ಕ, ನಿನ್ನ ಮೆಸೇಜ್ ಈಗ ಕೇಳಿದೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿಸಿಕೋ.

ನಿನ್ನ ಕಾರಿನ ಮ್ಯಾನ್ಯುಯಲ್‌ನಲ್ಲಿ ಎಂಜಿನ್ ಆಯಿಲ್ 5ಡಬ್ಲ್ಯೂ-30 ಅಂತ ಇದೆ, ಗ್ಯಾರೇಜಿನವರು ಮಾತ್ರ "ಬೆಂಗಳೂರು ಬಿಸಿಲಿಗೆ ಗಟ್ಟಿ ಆಯಿಲ್ ಬೇಕು, 20ಡಬ್ಲ್ಯೂ-50 ಹಾಕಿಸಿ" ಅಂದರು ಅಂದೆಯಲ್ಲ. ಬೇಡವೇ ಬೇಡ. ಊರಿನ ಬಿಸಿಲು ಎಂಜಿನ್ ಒಳಗೆ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಹೊರಗೆ 15 ಡಿಗ್ರಿ ಇರಲಿ 36 ಇರಲಿ, ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್, ಎಂಜಿನ್ ತಣಿಸುವ ನೀರನ್ನು (ಕೂಲೆಂಟ್) 90ರ ಆಸುಪಾಸಿನಲ್ಲೇ ಇಡುತ್ತದೆ. ಆ 30 ಅನ್ನೋ ಅಂಕಿ, 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇರುತ್ತದೆ ಅನ್ನುವುದಕ್ಕೆ. ಮುಂದಿನ 5ಡಬ್ಲ್ಯೂ, ಚಳಿಯಲ್ಲಿ ಹೇಗೆ ಹರಿಯುತ್ತದೆ ಅನ್ನುವುದಕ್ಕೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೂ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ತೆಳು ಆಯಿಲ್ ಬೇಗ ಎಂಜಿನ್‌ನ ಮೇಲಿನ ಭಾಗಗಳಿಗೆ ಮುಟ್ಟುತ್ತದೆ. ಸವೆತ ಜಾಸ್ತಿ ಆಗುವುದು ಆಗಲೇ ಅಲ್ವಾ?

ಇನ್ನು ಸಿಂಥೆಟಿಕ್, ಅಂದರೆ ಕೃತಕವಾಗಿ ತಯಾರಿಸಿದ್ದು ಅನ್ನೋ ಆಯಿಲ್‌ಗೆ ದುಡ್ಡು ದಂಡವಾ ಅಂತ ಕೇಳಿದೆ. ನಿನ್ನದು ಟರ್ಬೊ ಪೆಟ್ರೋಲ್, ದಂಡ ಅಲ್ಲ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ; ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅಲ್ಲಿನ ಬಿಸಿಗೆ ಕಚ್ಚಾ ತೈಲದಿಂದ ತೆಗೆದ ಮಾಮೂಲಿ ಮಿನರಲ್ ಆಯಿಲ್ ಬೇಗ ಸೀದು ಕರಿ ಕಟ್ಟುತ್ತದೆ. ಅಂದ ಹಾಗೆ ಸಿಂಥೆಟಿಕ್ ಅಂತ ಮಾರುವುದರಲ್ಲಿ ಎಷ್ಟೋ ಆಯಿಲ್ ಕಚ್ಚಾ ತೈಲವನ್ನೇ ಚೆನ್ನಾಗಿ ಸಂಸ್ಕರಿಸಿ ಮಾಡಿದ್ದು. ಅದೇನೂ ಮೋಸ ಅಲ್ಲ, ಕೆಲಸ ಮಾಡುತ್ತದೆ. ಡಬ್ಬದ ಮುಂದಿನ ದೊಡ್ಡ ಅಕ್ಷರ ಬಿಡು, ಹಿಂದೆ ತಿರುಗಿಸಿ ಎಪಿಐ ಎಸ್‌ಪಿ ಅಂತ ಇದೆಯಾ ನೋಡು. ಎಪಿಐ ಅನ್ನೋ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಿಂದ 2020ರಲ್ಲಿ ಬಂದ ದರ್ಜೆ ಅದು. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಉರಿಯುವ ತೊಂದರೆಗೂ ಅದರಲ್ಲಿ ಪರೀಕ್ಷೆ ಇದೆ. ಮ್ಯಾನ್ಯುಯಲ್ ಬೇರೆ ದರ್ಜೆ ಕೇಳಿದ್ದರೆ ಅದೇ ಸರಿ. ಬ್ರ್ಯಾಂಡ್ ಯಾವುದಾದರೂ ಆಗಲಿ.

ಚಿಕ್ಕಪ್ಪ, ನೀವೂ ಇದನ್ನು ಕೇಳುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸಿಂಥೆಟಿಕ್ ಹಾಕಿದರೆ 20,000 ಕಿಲೋಮೀಟರ್ ಓಡಿಸಬಹುದು ಅಂದಿರಿ. ಹೈವೇಯಲ್ಲಿ ಓಡುವವರ ಲೆಕ್ಕ ಬೇರೆ. ಅಕ್ಕ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ಜಾಮ್ ದಾಟಬೇಕು. ಅಲ್ಲಿ ಕಿಲೋಮೀಟರ್ ಮೀಟರ್ ನಿಂತಿರುತ್ತದೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಮಕ್ಕಳನ್ನು ಸ್ಕೂಲಿಗೆ ಬಿಡುವ ಚಿಕ್ಕ ಓಡಾಟ ಇನ್ನೂ ಕೆಟ್ಟದ್ದು. ಆಯಿಲ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್, ನೀರಿನ ಪಸೆ ಅದರೊಳಗೇ ಉಳಿಯುತ್ತವೆ. ಅಕ್ಕ, ಮ್ಯಾನ್ಯುಯಲ್‌ನಲ್ಲಿ ಇಂಥ ಕಠಿಣ ಬಳಕೆಗೆ ಅಂತಲೇ ಬೇರೆ ಅವಧಿ ಇದ್ದರೆ ಅದನ್ನೇ ಹಿಡಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಜೊತೆಗೆ ಫಿಲ್ಟರ್ ಕೂಡ.

ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ತಗೊಂಡರೆ ಬಿಲ್ ಕೇಳು, ಸೀಲ್ ನೋಡು. ಖಾಲಿ ಡಬ್ಬವನ್ನು ಗುಜರಿಗೆ ಹಾಕುವ ಮುಂಚೆ ಲೇಬಲ್ ಹರಿದುಬಿಡು, ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬುತ್ತಾರೆ.

ಹಾಂ, ಉಳಿದ ಅರ್ಧ ಲೀಟರನ್ನು ಭಾವ ಸುಮ್ನೆ ಬೈಕಿಗೆ ಸುರಿದಾರು! ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್‌ಗೆ ಜಾರಬಹುದು. ಬೈಕಿಗೆ ಜಾಸೊ (ಜಪಾನಿನ ಮಾನದಂಡ) ಎಂಎ ಅಥವಾ ಎಂಎ2 ಅಂತ ಬರೆದದ್ದೇ ಬೇಕು. ಉಳಿದ ಕಾರಿನ ಆಯಿಲನ್ನು, ಕಡಿಮೆ ಆದಾಗ ಟಾಪ್‌ಅಪ್‌ಗೆ ಅಂತ ಡಿಕ್ಕಿಯಲ್ಲಿ ಇಟ್ಟುಕೋ.