ಶಿಲಾರಂಜಕದ ಪುಡಿಯನ್ನು ನೇರವಾಗಿ ಎರೆಹೊಲಕ್ಕೆ ಹಾಕಬಹುದೇ?

ಎರೆಹೊಲದವ, ಗದಗ:
ನಮ್ಮದು ಪೂರ್ತಿ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತುತ್ತೇವೆ. ಬಿತ್ತನೆಯ ಹೊತ್ತಿಗೆ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರಕ್ಕಾಗಿ ಅಂಗಡಿಯ ಮುಂದೆ ಸರದಿ ನಿಲ್ಲುವುದು ತಪ್ಪಿದ್ದಲ್ಲ. ಡಿಎಪಿಯೊಳಗಿನ ರಂಜಕವೂ ಕಲ್ಲಿನಿಂದಲೇ ಬರುವುದಾದರೆ ಆ ಕಲ್ಲಿನ ಪುಡಿಯನ್ನೇ ಹಾಕಿದರಾಯಿತಲ್ಲ ಎಂದು ನಮ್ಮೂರಿನ ಕೆಲವರು ಈ ಸಲ ಕಡಿಮೆ ಬೆಲೆಯ ಶಿಲಾರಂಜಕದ (ರಾಕ್ ಫಾಸ್ಫೇಟ್) ಚೀಲಗಳನ್ನು ತಂದಿಟ್ಟಿದ್ದಾರೆ. ಈ ವಾದ ಸರಿಯೇ? ಸರಿಯಾಗಿದ್ದರೆ ನಡುವೆ ಕಾರ್ಖಾನೆಯ ಅಗತ್ಯವಾದರೂ ಏನು?

ಪ್ರಯೋಗಶಾಲೆ, ಧಾರವಾಡ:
ಕಾರ್ಖಾನೆಯ ಅಗತ್ಯವಿರುವುದು ರಂಜಕವನ್ನು ತಯಾರಿಸಲು ಅಲ್ಲ, ಕಲ್ಲಿನ ಹಿಡಿತದಿಂದ ಅದನ್ನು ಬಿಡಿಸಲು. ಶಿಲಾರಂಜಕದ ಮುಖ್ಯ ಖನಿಜ ಅಪಟೈಟ್. ಅದರಲ್ಲಿ ರಂಜಕವು ಆಮ್ಲಜನಕದೊಡನೆ ಫಾಸ್ಫೇಟ್ ರೂಪದಲ್ಲಿದ್ದು, ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಜೊತೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿರುತ್ತದೆಯೆಂದರೆ, ನೀರಿನಲ್ಲಿ ಅದು ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಬೇರು ಹೀರುವುದಾದರೋ ನೀರಿನಲ್ಲಿ ಕರಗಿದ ಫಾಸ್ಫೇಟನ್ನು ಮಾತ್ರ.

ಗಣಿಯಿಂದ ತೆಗೆದ ಕಲ್ಲನ್ನು ಅರೆದು, ತೊಳೆದು, ಬೇಕಿದ್ದಲ್ಲಿ ನೊರೆಯಲ್ಲಿ ತೇಲಿಸಿ ಮರಳು–ಜೇಡಿಯನ್ನು ಬೇರ್ಪಡಿಸಿದ ಮೇಲೆ ಗಂಧಕಾಮ್ಲ ಹಾಕುತ್ತಾರೆ. ಆಮ್ಲವು ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಜಿಪ್ಸಂ ಆಗುತ್ತದೆ, ಫಾಸ್ಫೇಟ್ ಬಿಡುಗಡೆಯಾಗುತ್ತದೆ. ಆಮ್ಲವನ್ನು ಅಳತೆಮಾಡಿ ಹಾಕಿ, ಜಿಪ್ಸಂ ಸಮೇತ ಇಡೀ ಮಿಶ್ರಣವನ್ನು ಹಾಗೆಯೇ ಗಟ್ಟಿಯಾಗಲು ಬಿಟ್ಟರೆ ಸಿಂಗಲ್ ಸೂಪರ್ ಫಾಸ್ಫೇಟ್ ಸಿಗುತ್ತದೆ. ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ 1842ರಲ್ಲಿ ಪೇಟೆಂಟ್ ಪಡೆದದ್ದು ಇದೇ ಬಗೆಯ ಗೊಬ್ಬರಕ್ಕೆ. ಆಮ್ಲ ಹೆಚ್ಚು ಹಾಕಿ ಜಿಪ್ಸಂ ಸೋಸಿ ತೆಗೆದರೆ ಉಳಿಯುವುದು ರಂಜಕಾಮ್ಲ. ಅದನ್ನು ಅಮೋನಿಯಾದೊಡನೆ ಕೂಡಿಸಿದರೆ ಡಿಎಪಿ. ಹೀಗೆ ಒಂದು ಟನ್ ಫಾಸ್ಫೇಟಿಗೆ (ಚೀಲದ ಮೇಲೆ ಪಿ₂ಒ₅ ಎಂದು ನಮೂದಿಸುವ ಲೆಕ್ಕದಲ್ಲಿ) ಸುಮಾರು ಐದು ಟನ್ ಜಿಪ್ಸಂ ಉಳಿಯುತ್ತದೆ. ಕಲ್ಲಿನಲ್ಲಿದ್ದ ಯುರೇನಿಯಂ, ರೇಡಿಯಂನಂಥ ವಿಕಿರಣಶೀಲ ಧಾತುಗಳ ಅಂಶವೂ ಅದರಲ್ಲಿ ಅಲ್ಪಸ್ವಲ್ಪ ಸೇರಿರುವುದರಿಂದ, ಆ ಜಿಪ್ಸಂ ಗುಡ್ಡಗಳನ್ನು ಏನು ಮಾಡುವುದೆಂಬುದೇ ಹಲವು ದೇಶಗಳಿಗೆ ತಲೆನೋವಾಗಿದೆ.

ಶುದ್ಧ ರಂಜಕದ ದಾರಿ ಬೇರೆ. ಕಲ್ಲು, ಮರಳುಶಿಲೆ ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 1,500 ಡಿಗ್ರಿಗೆ ಕಾಯಿಸಿದಾಗ ರಂಜಕ ಆವಿಯಾಗಿ ಮೇಲೇಳುತ್ತದೆ. ಗಾಳಿ ತಗುಲಿದರೆ ಹೊತ್ತಿಕೊಳ್ಳುವ ಆ ಬಿಳಿ ರಂಜಕವನ್ನು ನೀರಿನಡಿ ತಣಿಸಿ ಅಲ್ಲಿಯೇ ಇಡಬೇಕು. ಬೆಂಕಿಪೊಟ್ಟಣದ ಗೀರುಪಟ್ಟಿಯಲ್ಲಿರುವ ಕೆಂಪು ರಂಜಕವನ್ನು ಅದರಿಂದಲೇ ತಯಾರಿಸುತ್ತಾರೆ. ಗೊಬ್ಬರಕ್ಕೆ ಈ ದುಬಾರಿ ದಾರಿ ಬೇಕಿಲ್ಲ.

ಕೂರಿಗೆ, ಹಾವೇರಿ:
ಮೇಲಿನ ಉತ್ತರ ಕಾರ್ಖಾನೆಯಲ್ಲಿಯೇ ನಿಂತಿದೆ. ಪ್ರಶ್ನೆ ಇದ್ದದ್ದು ಹೊಲದ ಬಗ್ಗೆ. ಕಲ್ಲಿನ ಪುಡಿಯನ್ನು ಕರಗಿಸುವ ಕೆಲಸವನ್ನು ಮಣ್ಣೂ ಮಾಡಬಲ್ಲದು, ಆದರೆ ಅದು ಹುಳಿಮಣ್ಣಾಗಿರಬೇಕು. ಕೊಡಗಿನ ಕಾಫಿ ತೋಟಗಳಲ್ಲಿ ಶಿಲಾರಂಜಕ ನಡೆಯುವುದು ಆ ಕಾರಣಕ್ಕೆ. ನಮ್ಮ ಎರೆಮಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ, ರಸಸಾರ (ಪಿಎಚ್) 8ರ ಆಸುಪಾಸು ಅಥವಾ ಇನ್ನೂ ಮೇಲಿರುತ್ತದೆ, ಸಾಲದ್ದಕ್ಕೆ ಸುಣ್ಣದ ಹರಳು ಬೇರೆ. ಇಂಥಲ್ಲಿ ಪುಡಿ ಬಹುಪಾಲು ಪುಡಿಯಾಗಿಯೇ ಉಳಿಯುತ್ತದೆ.

ಇನ್ನೂ ಒಂದು ವಿಷಯವಿದೆ. ಕರಗುವ ಗೊಬ್ಬರ ಹಾಕಿದರೂ ನಮ್ಮ ಮಣ್ಣಿನ ಕ್ಯಾಲ್ಸಿಯಂ ಅದನ್ನು ಮತ್ತೆ ಹಿಡಿದುಕೊಂಡು, ಕಾಲಕ್ರಮದಲ್ಲಿ ಕರಗದ ರೂಪಕ್ಕೆ ತಿರುಗಿಸುತ್ತಾ ಹೋಗುತ್ತದೆ. ಕಾರ್ಖಾನೆ ಬಿಚ್ಚಿದ ಗಂಟನ್ನು ಹೊಲ ಮತ್ತೆ ಕಟ್ಟಿದಂತೆ. ಆದ್ದರಿಂದಲೇ ಗೊಬ್ಬರವನ್ನು ಎರಚದೆ, ಬಿತ್ತುವಾಗ ಕೂರಿಗೆಯಲ್ಲಿ ಬೀಜದ ಪಕ್ಕಕ್ಕೆ, ತುಸು ಆಳಕ್ಕೆ ಬೀಳಿಸಬೇಕು. ಮಣ್ಣಿನೊಡನೆ ಬೆರೆಯುವುದು ಕಡಿಮೆಯಾದಷ್ಟೂ ಬೇರಿಗೆ ಸಿಗುವುದು ಹೆಚ್ಚು.

ಎರೆಹೊಲದವ, ಗದಗ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಡಿಎಪಿ ಸಿಗದಿದ್ದಾಗ ಏನು ಮಾಡುವುದು? ನಮ್ಮ ದೇಶದಲ್ಲಿ ಈ ಕಲ್ಲು ಇಲ್ಲವೇ?

ಪ್ರಯೋಗಶಾಲೆ, ಧಾರವಾಡ:
ಇದೆ, ಸಾಲುವುದಿಲ್ಲ. ಉದಯಪುರದ ಬಳಿಯ ಝಾಮರ್‌ಕೋಟ್ರಾ ನಮ್ಮ ದೊಡ್ಡ ಗಣಿ; ಮಧ್ಯಪ್ರದೇಶದಲ್ಲೂ ನಿಕ್ಷೇಪಗಳಿವೆ. ಉಳಿದದ್ದನ್ನು ಕಲ್ಲಾಗಿಯೋ ಆಮ್ಲವಾಗಿಯೋ ಸಿದ್ಧ ಡಿಎಪಿಯಾಗಿಯೋ ಹೊರಗಿನಿಂದ ತರಿಸಬೇಕು. ಜಗತ್ತಿನ ನಿಕ್ಷೇಪದಲ್ಲಿ ಸುಮಾರು ಶೇಕಡಾ 70ರಷ್ಟು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿಯೇ ಇದೆಯೆಂಬುದು ಸಣ್ಣ ಮಾತಲ್ಲ. ಕಲ್ಲಿನ ಜಾಗತಿಕ ಬೆಲೆ ಸುಮಾರು ಒಂದೂವರೆ ವರ್ಷದೊಳಗೆ ಎಂಟು ಪಟ್ಟಿಗೂ ಮಿಕ್ಕಿ ಏರಿದ್ದು 2008ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ನಡೆಯಿತು. ಒಂದಕ್ಕೆ ಇನ್ನೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಸಾರಜನಕವನ್ನು ಗಾಳಿಯಿಂದ ಪಡೆಯಬಹುದು, ರಂಜಕಕ್ಕೆ ಅಂಥ ಬದಲಿ ಮೂಲವಿಲ್ಲ. ಜೀವಕೋಶದ ಡಿಎನ್‌ಎಯಲ್ಲಾಗಲಿ ಮೂಳೆಯಲ್ಲಾಗಲಿ ಅದರ ಜಾಗವನ್ನು ಬೇರೆ ಧಾತು ತುಂಬಲಾರದು.

ಕೂರಿಗೆ, ಹಾವೇರಿ:
ಡಿಎಪಿಗೇ ಅಂಟಿಕೊಳ್ಳಬೇಕಿಲ್ಲ. 50 ಕಿಲೋದ ಒಂದು ಚೀಲ ಡಿಎಪಿಯಲ್ಲಿ 23 ಕಿಲೋ ಫಾಸ್ಫೇಟ್, 9 ಕಿಲೋ ಸಾರಜನಕ ಇರುತ್ತದೆ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ 24 ಕಿಲೋ ಫಾಸ್ಫೇಟ್ ಸಿಗುತ್ತದೆ, ಜೊತೆಗೆ ಸುಮಾರು 16 ಕಿಲೋ ಗಂಧಕ. ಸಾರಜನಕಕ್ಕೆ 20 ಕಿಲೋ ಯೂರಿಯಾ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಹೊರುವ ಭಾರ ಹೆಚ್ಚು, ನಿಜ. ಆದರೆ ಶೇಂಗಾ, ಈರುಳ್ಳಿ ಬೆಳೆಯುವವರಿಗೆ ಆ ಗಂಧಕವೇ ಲಾಭ. ಎಷ್ಟು ಹಾಕಬೇಕೆಂಬುದನ್ನು ಮಣ್ಣುಪರೀಕ್ಷೆಯೇ ಹೇಳಬೇಕು.

ಈಗಾಗಲೇ ತಂದಿಟ್ಟ ಚೀಲಗಳನ್ನು ಹೊಲಕ್ಕೆ ಸುರಿಯಬೇಡಿ. ತಿಪ್ಪೆ ಕಟ್ಟುವಾಗ ಸಗಣಿ, ಕಸಕಡ್ಡಿಯ ಪದರಗಳ ನಡುವೆ ಆ ಪುಡಿಯನ್ನು ಉದುರಿಸಿ, ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪೊಟ್ಟಣವನ್ನೂ ಬೆರೆಸಿ, ತೇವ ಆರದಂತೆ ಕೆಲವು ತಿಂಗಳು ಕೊಳೆಯಲು ಬಿಡಿ. ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಗಂಧಕಾಮ್ಲದ ಕೆಲಸವನ್ನು ನಿಧಾನವಾಗಿ, ಸ್ವಲ್ಪಮಟ್ಟಿಗೆ ಮಾಡುತ್ತವೆ. ಈ ಮುಂಗಾರಿನ ಹೆಸರಿಗೆ ಅದು ಒದಗಲಿಕ್ಕಿಲ್ಲ, ಹಿಂಗಾರಿನ ಕಡಲೆಗೆ ಒದಗಬಹುದು.