ಸ್ಟ್ಯಾಂಡಿಂಗ್ ಡೆಸ್ಕ್ ಬಂತು, ಜೊತೆಗೆ ಏನೇನು ತಗೊಳ್ಳಬೇಕು? ಅನುಭವ ಇದ್ದವರು ಹೇಳಿ

ಟಿಳಕವಾಡಿ, ಬೆಳಗಾವಿ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಸೊಂಟ ನೋವು ಜಾಸ್ತಿಯಾಗಿ ಕೂತೂ ನಿಂತೂ ಕೆಲಸ ಮಾಡಲು ಮೋಟಾರಿನಿಂದ ಏರಿಸಿ ಇಳಿಸುವ ಸ್ಟ್ಯಾಂಡಿಂಗ್ ಡೆಸ್ಕ್ ತರಿಸಿದ್ದೇನೆ. ಲ್ಯಾಪ್‌ಟಾಪ್ ಜೊತೆ 24 ಇಂಚಿನ ಮಾನಿಟರ್ ಇದೆ. ಈಗ ಆನ್‌ಲೈನಿನಲ್ಲಿ ನೋಡಿದರೆ ಕಾಲ ಕೆಳಗೆ ಹಾಕುವ ಮ್ಯಾಟು, ಮೇಲೆ ನಿಂತರೆ ಓಲಾಡುವ ಬ್ಯಾಲೆನ್ಸ್ ಬೋರ್ಡು, ಮಾನಿಟರನ್ನು ಎತ್ತಿ ಹಿಡಿಯುವ ಮಾನಿಟರ್ ಆರ್ಮು, ಕೇಬಲ್ ಟ್ರೇ, ಡ್ರಾಯರು, ಲೈಟು ಅಂತ ಮುಗಿಯುವುದೇ ಇಲ್ಲ. ಕೈಯಲ್ಲಿ ಇನ್ನು 8 ಸಾವಿರ ಇದೆ. ನೆಲ ಹಳೇ ಶಹಾಬಾದ್ ಫರಸಿ, ಅಂದರೆ ಕಲ್ಲಿನ ಹಾಸು. ನನ್ನ ಎತ್ತರ 5 ಅಡಿ 2 ಇಂಚು. ಯಾವುದು ನಿಜವಾಗಿ ಬೇಕು, ಯಾವುದು ಸುಮ್ನೆ?

ವಿಜಯಪುರ, ಸಾಫ್ಟ್‌ವೇರ್ ಟೆಸ್ಟಿಂಗ್

ಅಕ್ಕಾ, ಒಂದು ವಾರ ಏನನ್ನೂ ತರಿಸಬೇಡಿ. ಬರೀ ಡೆಸ್ಕ್ ಬಳಸಿ ನೋಡಿ. ಪಾದ ಉರಿಯುತ್ತದೋ, ಕುತ್ತಿಗೆ ಹಿಡಿಯುತ್ತದೋ, ವೈರು ಎಳೆಯುತ್ತದೋ, ನಿಮಗೇ ಗೊತ್ತಾಗುತ್ತದೆ. ಎಲ್ಲಿ ತ್ರಾಸೋ ಅಲ್ಲಿಗೆ ಮೊದಲ ದುಡ್ಡು. ಅಂಗಡಿಯವರ ಪಟ್ಟಿ ಹಿಡಿದು ಹೊರಟರೆ 8 ಸಾವಿರ ಅಲ್ಲ, 28 ಸಾವಿರವೂ ಸಾಲದು.

ನನ್ನ ಲೆಕ್ಕದಲ್ಲಿ ಮೊದಲು ಕಣ್ಣು, ಆಮೇಲೆ ಪಾದ, ಆಮೇಲೆ ವೈರು. ಉಳಿದದ್ದೆಲ್ಲ ಶೋಕಿ.

ಕಣ್ಣು ಯಾಕೆ ಮೊದಲು ಅಂದರೆ, ಡೆಸ್ಕಿನ ಎತ್ತರವನ್ನು ನಾವು ಹೊಂದಿಸುವುದು ಮೊಣಕೈಗೆ. ಕೈ ಇಳಿಬಿಟ್ಟು ಮೊಣಕೈಯನ್ನು 90 ಡಿಗ್ರಿಗೆ ಮಡಚಿದರೆ ಬೆರಳಿಗೆ ಕೀಬೋರ್ಡ್ ಅಲ್ಲೇ ಸಿಗಬೇಕು. ಭುಜ ಎತ್ತಬಾರದು. ಆದರೆ ಆ ಎತ್ತರದಲ್ಲಿ ಲ್ಯಾಪ್‌ಟಾಪ್ ಇಟ್ಟರೆ ಅದರ ಪರದೆ ಎದೆಯ ಮಟ್ಟದಲ್ಲೇ ಉಳಿಯುತ್ತದೆ, ತಲೆ ಬಗ್ಗಿಸಲೇಬೇಕು. ನಿಂತುಕೊಂಡು ತಲೆ ಬಗ್ಗಿಸುವುದಕ್ಕೆ ಇಷ್ಟೊಂದು ದುಡ್ಡು ಯಾಕೆ ಕೊಡಬೇಕು, ಅಲ್ವಾ? ಹಾಗಾಗಿ ಮಾನಿಟರನ್ನೇ ಮುಖ್ಯ ಪರದೆ ಮಾಡಿಕೊಳ್ಳಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಒಂಚೂರು ಕೆಳಗೆ ಇರಲಿ. ಕೈ ಚಾಚಿದರೆ ಮುಟ್ಟುವಷ್ಟು ದೂರ ಸಾಕು. ದೂರಕ್ಕೂ ಓದುವುದಕ್ಕೂ ಒಂದೇ ಕನ್ನಡಕ ಹಾಕುವವರಾದರೆ ಇನ್ನೂ ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬೇರೆ ಕೀಬೋರ್ಡ್, ಮೌಸ್ ಇಲ್ಲವೆಂದರೆ ನಿಮ್ಮ ಮೊದಲ ಖರ್ಚು ಅದೇ.

ಮಾನಿಟರ್ ಎತ್ತಲು ಆರ್ಮೇ ಬೇಕು ಅಂತೇನಿಲ್ಲ. ಮೊಣಕೈಯಿಂದ ಕಣ್ಣಿನವರೆಗಿನ ಅಂತರ ಕೂತರೂ ನಿಂತರೂ ಹೆಚ್ಚುಕಡಿಮೆ ಅಷ್ಟೇ. ಒಮ್ಮೆ ಹೊಂದಿಸಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಬಡಗಿಯವರು ಉಳಿದ ಸಾಗುವಾನಿ ತುಂಡಿನಲ್ಲಿ ಮಾಡಿಕೊಟ್ಟ ಮಣೆ ಇದೆ. ಮೇಲೆ ಮಾನಿಟರ್, ಕೆಲಸ ಇಲ್ಲದಾಗ ಕೆಳಗೆ ಕೀಬೋರ್ಡ್. ಆರ್ಮಿನ ನಿಜವಾದ ಲಾಭ ಜಾಗ. ನಿಮ್ಮ ಮೇಜು ಚಿಕ್ಕದಾದರೆ ಮಾತ್ರ ಅದಕ್ಕೆ ಹೋಗಿ.

ನಿಮ್ಮ ಎತ್ತರ ಹೇಳಿದ್ದು ಒಳ್ಳೆಯದಾಯಿತು. ಎಷ್ಟೋ ಡೆಸ್ಕ್‌ಗಳು 70 ಸೆಂಟಿಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ. 5 ಅಡಿ 2 ಇಂಚಿನವರು ಕೂತಾಗ ಅದು ಎತ್ತರವೇ ಆಯಿತು. ಕುರ್ಚಿ ಏರಿಸಿದರೆ ಕೈ ಸರಿಹೋಗುತ್ತದೆ, ಪಾದ ನೆಲ ಬಿಡುತ್ತದೆ. ಆಗ ತೊಡೆಯ ಕೆಳಗೆ ಕುರ್ಚಿಯ ಅಂಚು ಒತ್ತುತ್ತದೆ. ಅಂದರೆ ನಿಮಗೆ ನಿಲ್ಲುವ ಸಾಮಾನಿಗಿಂತ ಮೊದಲು ಕೂತಾಗ ಪಾದ ಊರಲು ಏನಾದರೂ ಬೇಕಾಗಬಹುದು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಇನ್ನೊಂದು ತಮಾಷೆ. ಡೆಸ್ಕ್ ಏರಿಸಿದ ಕೂಡಲೇ ಮೇಲಿನ ಫ್ಯಾನಿನ ಗಾಳಿ ನೇರ ಮೇಜಿಗೆ ಬಡಿಯುತ್ತದೆ, ಹಾಳೆಗಳೆಲ್ಲ ಹಾಲ್ ತುಂಬ. ಪೇಪರ್‌ವೇಟ್ ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ.

ಉದ್ಯಮಬಾಗ್, ಬೆಳಗಾವಿ, ಮಷೀನ್ ಶಾಪ್

ತಂಗೀ, ಕಂಪ್ಯೂಟರ್ ಕೆಲಸ ನನಗೆ ಗೊತ್ತಿಲ್ಲ, ನಿಲ್ಲುವುದು ಗೊತ್ತು. ನಮ್ಮದು ಲೇತ್ ಕೆಲಸ, ಅಂದರೆ ಕಬ್ಬಿಣ ಕಡೆಯುವ ಮಷೀನು. ನಮ್ಮ ಶೆಡ್ಡಿನಲ್ಲಿ ಒಂದೊಂದು ಲೇತಿನ ಮುಂದೂ ಮರದ ಪಟ್ಟಿ ಬಡಿದ ಹಲಗೆ ಹಾಕಿದ್ದೇವೆ. ಪಟ್ಟಿಗಳ ನಡುವೆ ಬೆರಳು ಹೋಗುವಷ್ಟು ಸಂದು, ಕಬ್ಬಿಣದ ಚೂರು, ಬಿಸಿ ತಣಿಸಲು ಬಿಡುವ ಕೂಲಂಟ್ ನೀರು ಕೆಳಗೆ ಇಳಿಯಲಿ ಅಂತ. ಬರೀ ಕಾಂಕ್ರೀಟಿನ ಮೇಲೆ ನಿಂತರೆ ಸಂಜೆಗೆ ಮೀನಖಂಡ ಬಿಗಿದುಕೊಳ್ಳುತ್ತದೆ. ಮರ ಸ್ವಲ್ಪ ಬಾಗುತ್ತದೆ, ಕಲ್ಲಿನಷ್ಟು ತಣ್ಣಗೂ ಇರುವುದಿಲ್ಲ. ಇಸ್ತ್ರಿ ಅಂಗಡಿಯವರು ಕಾಲ ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಳ್ಳುವುದನ್ನು ನೀವೂ ನೋಡಿರಬೇಕು.

ಅದಕ್ಕಿಂತ ದೊಡ್ಡ ಉಪಾಯ ಒಂದಿದೆ. ಒಂದು ಕಾಲು ಮೇಲೆ ಇಡುವುದು. ಮಷೀನಿನ ಬುಡದ ಮೇಲೆ ಎಡಗಾಲು ಇಟ್ಟು ನಿಲ್ಲುತ್ತೇವೆ, ಸಾಕಾದಾಗ ಬಲಗಾಲು. ಸೊಂಟಕ್ಕೆ ಎಷ್ಟು ಆರಾಮ ಅಂತ ಹತ್ತು ನಿಮಿಷ ಮಾಡಿ ನೋಡಿ. 4ರಿಂದ 6 ಇಂಚು ಎತ್ತರ ಸಾಕು. 1 ಇಂಚಿನ ಪೈಪಿಗೆ ಎರಡೂ ಕಡೆ ಕಾಲು ವೆಲ್ಡ್ ಮಾಡಿ, ಬುಡಕ್ಕೆ ರಬ್ಬರ್ ಬುಷ್ ಹಾಕಿಸಿದರೆ ಆಯಿತು. ಯಾವ ಫ್ಯಾಬ್ರಿಕೇಶನ್ ಅಂಗಡಿಗೂ ಇದು ಚಿಲ್ಲರೆ ಕೆಲಸ. ಮೇಲೆ ವಿಜಯಪುರದವರು ಕೂತಾಗ ಪಾದ ಊರಲು ಬೇಕು ಅಂದರಲ್ಲ, ಅದಕ್ಕೂ ಇದೇ ಆಗುತ್ತದೆ. ಆನ್‌ಲೈನಿನ ಪ್ಲಾಸ್ಟಿಕ್ ಫುಟ್‌ರೆಸ್ಟ್ ಫರಸಿ ಮೇಲೆ ಜಾರುತ್ತದೆ, ಬೇಡ.

ಬೆಳಗಾವಿ, ಫಿಸಿಯೋಥೆರಪಿ

ಮೇಲಿನ ಅಣ್ಣಾವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾಲು ಬದಲಿಸುತ್ತಾ ಇರುವುದೇ ಮುಖ್ಯ. ಸೊಂಟ ನೋವಿಗೆ ದಿನವಿಡೀ ನಿಲ್ಲುವುದು ಮದ್ದಲ್ಲ. ಬಹಳ ಹೊತ್ತು ಅಲ್ಲಾಡದೆ ನಿಂತರೆ ಕಾಲು ಊದುತ್ತದೆ, ನರ ಉಬ್ಬುವ ತೊಂದರೆ ಇದ್ದವರಿಗೆ ಅದು ಹೆಚ್ಚಾಗುತ್ತದೆ. ಕೆಲಸದ ಭಂಗಿಗಳ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ಹೆಜ್ ಅವರು ಕೊಟ್ಟ ಲೆಕ್ಕ ನೆನಪಿಡಲು ಸುಲಭ. ಅರ್ಧ ಗಂಟೆಯಲ್ಲಿ 20 ನಿಮಿಷ ಕೂತು, 8 ನಿಮಿಷ ನಿಂತು, 2 ನಿಮಿಷ ಓಡಾಡಿ. ಗಡಿಯಾರ ಹಿಡಿದು ಮಾಡಬೇಕಿಲ್ಲ, ಅಂದಾಜು ಸಾಕು. ಡೆಸ್ಕಿನಲ್ಲಿ ಎತ್ತರ ನೆನಪಿಡುವ ಬಟನ್ ಇದ್ದರೆ ಮೊದಲು ಅದನ್ನು ಹೊಂದಿಸಿಕೊಳ್ಳಿ. ಏರಿಸಿ ಇಳಿಸಲು ಬೇಜಾರಾಗಿ ಅದನ್ನು ಮಾಮೂಲಿ ಮೇಜು ಮಾಡಿಕೊಂಡವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ.

ಮ್ಯಾಟ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. 8 ನಿಮಿಷ ನಿಲ್ಲುವವರಿಗೆ ಮೂರು ಸಾವಿರದ ಮ್ಯಾಟ್ ಯಾಕೆ? ಎಂಸಿಆರ್ ಚಪ್ಪಲಿ ಅಂತ ಸಿಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ವೈದ್ಯರು ಹೇಳುವಂಥದ್ದು, ಮೆತ್ತನೆಯ ರಬ್ಬರಿನ ತಳ. ಅದನ್ನು ಮನೆಯೊಳಗೆ ಹಾಕಿಕೊಳ್ಳಲು ಒಂದು ಜೋಡಿ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನಿಂತಾಗಲೂ ಕೆಲಸಕ್ಕೆ ಬರುತ್ತದೆ. ಮ್ಯಾಟ್ ಡೆಸ್ಕ್ ಬಿಟ್ಟು ಕದಲುವುದಿಲ್ಲ, ಚಪ್ಪಲಿ ನಿಮ್ಮ ಜೊತೆ ಬರುತ್ತದೆ.

ವಿಜಯಪುರ, ಸಾಫ್ಟ್‌ವೇರ್ ಟೆಸ್ಟಿಂಗ್

ಮೇಡಂ, ಚಪ್ಪಲಿ ಒಪ್ಪಿದೆ. ಆದರೆ ಮನೆಯೊಳಗೆ ಚಪ್ಪಲಿ ಹಾಕಿದರೆ ನಮ್ಮ ಅವ್ವ ಡೆಸ್ಕ್ ಸಮೇತ ಹೊರಗೆ ಹಾಕುತ್ತಾಳೆ! ಅಂಥ ಮನೆಯವರಿಗೆ ಮ್ಯಾಟೇ ಗತಿ. ತಗೊಳ್ಳುವುದಾದರೆ ಸುಮಾರು 2 ಸೆಂಟಿಮೀಟರ್ ದಪ್ಪದ್ದು ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಇಳಿಯಬೇಕು, ಬಿಟ್ಟ ಕೂಡಲೇ ಏಳಬೇಕು. ಒತ್ತಿದಾಗ ನೆಲ ತಾಕಿದರೆ ಬಿಟ್ಟುಬಿಡಿ. ತೀರಾ ಮೆತ್ತಗಿದ್ದರೂ ಪಾದ ಹೊರಳಿ ಕಾಲು ಇನ್ನಷ್ಟು ದಣಿಯುತ್ತದೆ. ಯೋಗ ಮ್ಯಾಟ್ ಮಡಚಿ ಹಾಕಬಹುದು, ಸ್ವಲ್ಪ ದಿನದಲ್ಲೇ ಪಾದದ ಗುರುತು ಬಿದ್ದು ಚಪ್ಪಟೆಯಾಗುತ್ತದೆ. ಅಂಚು ಇಳಿಜಾರಾಗಿರಲಿ, ಎಡವುವುದಿಲ್ಲ. ಕುರ್ಚಿಯ ಗಾಲಿ ಮ್ಯಾಟಿನ ಮೇಲೆ ಓಡುವುದಿಲ್ಲ. ಹಾಗಾಗಿ ಕಾಲಿನಿಂದಲೇ ಡೆಸ್ಕ್ ಕೆಳಗೆ ತಳ್ಳುವಷ್ಟು ಹಗುರದ್ದೇ ಒಳ್ಳೆಯದು. ಹೊಸದರ ವಾಸನೆ ಹೋಗಲು ಒಂದೆರಡು ದಿನ ಬಾಲ್ಕನಿಯಲ್ಲಿ ಇಡಿ.

ನವನಗರ, ಬಾಗಲಕೋಟೆ

ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಕಡೆ ಇದೇ ದೊಡ್ಡ ವಿಷಯ.

ಡೆಸ್ಕ್ ಕೆಳಗಿನಿಂದ ಮೇಲಕ್ಕೆ ಸುಮಾರು ಅರ್ಧ ಮೀಟರ್ ಓಡುತ್ತದೆ. ಗೋಡೆಯ ಸಾಕೆಟ್ಟಿಗೆ ಐದು ವೈರು ಹೋಗಿದ್ದರೆ ಐದೂ ಎಳೆಯುತ್ತವೆ. ಅದಕ್ಕೇ ಎಕ್ಸ್‌ಟೆನ್ಶನ್ ಬೋರ್ಡನ್ನು ಡೆಸ್ಕಿನ ಹಲಗೆಯ ಅಡಿಗೇ ಸ್ಕ್ರೂ ಹಾಕಿ ಬಿಗಿಯಿರಿ. ಲ್ಯಾಪ್‌ಟಾಪ್, ಮಾನಿಟರ್, ಡೆಸ್ಕಿನ ಅಡಾಪ್ಟರ್ ಎಲ್ಲ ಅದಕ್ಕೇ. ಗೋಡೆಗೆ ಒಂದೇ ಉದ್ದನೆಯ ವೈರು ಹೋಗಲಿ. ಡೆಸ್ಕನ್ನು ಪೂರ್ತಿ ಮೇಲಕ್ಕೆ ಏರಿಸಿಟ್ಟು ಆ ವೈರಿನ ಉದ್ದ ಅಳೆಯಿರಿ, ಕೂತ ಎತ್ತರದಲ್ಲಿ ಅಲ್ಲ. ಕೇಬಲ್ ಟ್ರೇ ಇದಕ್ಕೆ ಬೇಕು, ಅದು ಶೋಕಿ ಅಲ್ಲ. ನೆಲದ ಮೇಲಿನ ಯುಪಿಎಸ್‌ಗೆ ಮಾನಿಟರನ್ನು ನೇರ ಸಿಕ್ಕಿಸಿದ್ದರೆ ಇನ್ನೂ ಹುಷಾರು.

ಎರಡನೆಯದು ಅರ್ಥಿಂಗ್. ಡೆಸ್ಕಿನ ಕಾಲು ಪೂರ್ತಿ ಕಬ್ಬಿಣ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ಹಿಂದೆ ವೈರೇ ಇರುವುದಿಲ್ಲ. ಬರಿಗಾಲಲ್ಲಿ ಫರಸಿ ಮೇಲೆ ನಿಂತು ಕಬ್ಬಿಣ ಅಥವಾ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ ಹೆಚ್ಚಾಗಿ ಅದೇ ಕಾರಣ. ಮ್ಯಾಟ್ ಹಾಕಿದರೆ ಜುಮ್ ಅನ್ನುವುದು ಗೊತ್ತಾಗುವುದಿಲ್ಲ ಅಷ್ಟೇ, ದೋಷ ಹೋಗುವುದಿಲ್ಲ. ಇಲೆಕ್ಟ್ರಿಶಿಯನ್ ಕರೆಸಿ ತೋರಿಸಿ. 8 ಸಾವಿರದಲ್ಲಿ ಮೊದಲ ಐದುನೂರು ಇದಕ್ಕೆ ತೆಗೆದಿಡಿ ಅಂತ ನನ್ನ ಮಾತು.

ಮೂರನೆಯದು, ಕರೆಂಟ್ ಹೋಗಿ ಬಂದ ಮೇಲೆ ಕೆಲವು ಡೆಸ್ಕ್‌ಗಳು ಏಳುವುದೇ ಇಲ್ಲ, ಡಿಸ್‌ಪ್ಲೇ ಮೇಲೆ ಏನೋ ಅಕ್ಷರ ಬರುತ್ತದೆ. ಕೆಟ್ಟಿತು ಅಂತ ಗಾಬರಿಯಾಗಬೇಡಿ. ಹೆಚ್ಚಿನವುಗಳಲ್ಲಿ ಇಳಿಸುವ ಬಟನ್ ಒತ್ತಿ ಹಿಡಿದರೆ ತೀರಾ ಕೆಳಗೆ ಹೋಗಿ, ಒಂಚೂರು ಮೇಲೆದ್ದು ನಿಲ್ಲುತ್ತದೆ. ರೀಸೆಟ್ ಆಯಿತು ಅಂತ ಅರ್ಥ. ಅದಕ್ಕೆ ಮೊದಲು ಕೆಳಗಿನ ಡಬ್ಬ, ಕುರ್ಚಿಯ ಕೈ ಎಲ್ಲ ಸರಿಸಿ. ಇನ್ನೊಂದು, ಮಕ್ಕಳು ಆಟಕ್ಕೆ ಮೇಲೆ ಕೆಳಗೆ ಮಾಡುತ್ತಲೇ ಇದ್ದರೆ ಮೋಟಾರ್ ಬಿಸಿಯಾಗಿ ತಾನೇ ನಿಲ್ಲುತ್ತದೆ. ಎಷ್ಟೋ ಡೆಸ್ಕ್‌ಗಳ ಪುಸ್ತಕದಲ್ಲಿ 2 ನಿಮಿಷ ಓಡಿದರೆ 18 ನಿಮಿಷ ಬಿಡುವು ಅಂತ ಬರೆದಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಖಾನಾಪುರ

ನಮ್ಮಲ್ಲಿ ಮಳೆ ಶುರುವಾದರೆ ಗೋಡೆಯೂ ಬೆವರುತ್ತದೆ. ನಿಮಗೂ ಜೂನ್‌ನಿಂದ ಸೆಪ್ಟೆಂಬರ್ ತನಕ ಅದೇ ಕಥೆ ಇರುತ್ತದೆ. ಮ್ಯಾಟನ್ನು ವಾರಕ್ಕೊಮ್ಮೆ ಎತ್ತಿ ಗೋಡೆಗೆ ಆನಿಸಿಡಿ, ಇಲ್ಲದಿದ್ದರೆ ಕೆಳಗೆ ಬೂಷ್ಟು. ಹಲಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ್ದು) ಆಗಿದ್ದರೆ ಸ್ಕ್ರೂ ಹಾಕಲು ಕೊರೆದ ತೂತು, ಕತ್ತರಿಸಿದ ಅಂಚು ಇವುಗಳ ಮೂಲಕ ತೇವ ಒಳಗೆ ಹೋಗಿ ಉಬ್ಬುತ್ತದೆ. ತೂತಿಗೆ ಸ್ವಲ್ಪ ಫೆವಿಕಾಲ್ ಬಿಟ್ಟು ಸ್ಕ್ರೂ ಬಿಗಿಯಿರಿ.

ಬಾಗಲಕೋಟೆ, ಕಾಲೇಜು ಉಪನ್ಯಾಸಕ

ಬ್ಯಾಲೆನ್ಸ್ ಬೋರ್ಡ್ ಬೇಡ. ಅದರ ಮೇಲೆ ನಿಂತು ಮೇಲ್ ಟೈಪ್ ಮಾಡಿ ತೋರಿಸಿದವರನ್ನು ನಾನು ಕಂಡಿಲ್ಲ. ಡೆಸ್ಕ್ ಕೆಳಗೆ ಇಟ್ಟು ನಡೆಯುವ ಟ್ರೆಡ್‌ಮಿಲ್ ಮೆಷಿನ್ ಕೂಡ ಬೇಡ, ಮೀಟಿಂಗಿನಲ್ಲಿ ಅದರ ಸದ್ದು ಎಲ್ಲರಿಗೂ ಕೇಳುತ್ತದೆ. ಫೋನ್ ಬಂದಾಗ ಎದ್ದು ಹಾಲ್‌ನಲ್ಲಿ ಓಡಾಡಿ, ಪುಕ್ಕಟೆ. ಡ್ರಾಯರ್ ಹಾಕಿಸಿದರೆ ಕೂತಾಗ ತೊಡೆಗೆ ತಾಗುತ್ತದೆ. ಹೆಡ್‌ಫೋನಿಗೆ ಒಂದು ಕೊಕ್ಕೆ ಸಾಕು.

ಟಿಳಕವಾಡಿ, ಬೆಳಗಾವಿ (ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಇಲೆಕ್ಟ್ರಿಶಿಯನ್‌ಗೆ ಇವತ್ತೇ ಹೇಳಿದ್ದೇನೆ, ಆ ಜುಮ್ ನಮ್ಮಲ್ಲೂ ಇದೆ. ಮೇಜು ಚಿಕ್ಕದು, ಹಾಗಾಗಿ ಆರ್ಮ್ ಬೇಕೇ ಬೇಕು ಅನ್ನಿಸುತ್ತಿದೆ. ಹಲಗೆ 18 ಮಿಲಿಮೀಟರ್ ಪಾರ್ಟಿಕಲ್ ಬೋರ್ಡ್. ಡೆಸ್ಕ್ ಗೋಡೆಗೆ ಅಂಟಿಕೊಂಡೇ ಇದೆ. ತಡೆಯುತ್ತದೆಯೇ?

ವಿಜಯಪುರ, ಸಾಫ್ಟ್‌ವೇರ್ ಟೆಸ್ಟಿಂಗ್

ಅಕ್ಕಾ, ಆರ್ಡರ್ ಮಾಡುವ ಮೊದಲು ನಾಲ್ಕು ಕಡೆ ನೋಡಿ. ಮಾನಿಟರಿನ ಬೆನ್ನಿಗೆ ಚೌಕಾಕಾರದಲ್ಲಿ ನಾಲ್ಕು ತೂತು ಇದೆಯೇ? ಅವುಗಳ ನಡುವಿನ ಅಂತರ 75 ಅಥವಾ 100 ಮಿಲಿಮೀಟರ್ ಇರಬೇಕು. ಅದಕ್ಕೇ ವೆಸಾ (VESA) ಮೌಂಟ್ ಅನ್ನುವುದು, ಪಾಸ್‌ಪೋರ್ಟಿನ ವೀಸಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೆಲವು ಅಗ್ಗದ ಮಾನಿಟರುಗಳಲ್ಲಿ ತೂತೇ ಇರುವುದಿಲ್ಲ. ಎರಡನೆಯದು ಸ್ಟ್ಯಾಂಡ್ ಬಿಟ್ಟು ಬರೀ ಮಾನಿಟರಿನ ತೂಕ. ಗ್ಯಾಸ್ ಸ್ಪ್ರಿಂಗ್ ಆರ್ಮಿಗೆ ಹೆಚ್ಚಿನ ತೂಕದ ಮಿತಿ ಇರುವ ಹಾಗೆ ಕಡಿಮೆ ತೂಕದ ಮಿತಿಯೂ ಇದೆ. ಮಾನಿಟರ್ ತೀರಾ ಹಗುರ ಇದ್ದರೆ ಆರ್ಮ್ ತಾನೇ ಮೇಲಕ್ಕೆ ಏರುತ್ತದೆ. ಮೂರನೆಯದು, ಮೇಜಿನ ಹಿಂದಂಚಿನ ಅಡಿಗೆ ಕೈ ಹಾಕಿ ನೋಡಿ. ಕಬ್ಬಿಣದ ಪಟ್ಟಿ ಅಡ್ಡ ಇದ್ದರೆ ಆರ್ಮನ್ನು ಮೇಜಿಗೆ ಬಿಗಿಯುವ ಕ್ಲ್ಯಾಂಪ್ ಕೂರುವುದಿಲ್ಲ. ಕೊನೆಯದು ಗೋಡೆ. ಆರ್ಮ್ ಮಡಚಿದಾಗ ಅದರ ಮೊಣಕೈ ಹಿಂದಕ್ಕೆ ಚಾಚುತ್ತದೆ. ಡೆಸ್ಕನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಬೇಕಾಗುತ್ತದೆ. ಇಲ್ಲವಾದರೆ ಏರಿಸುವಾಗ ಗೋಡೆಯ ಬಣ್ಣ ಕೆರೆಯುತ್ತದೆ.

ಡೆಸ್ಕ್ ಮೇಲಿದ್ದಾಗ ಟೈಪ್ ಮಾಡಿದರೆ ಆರ್ಮಿನ ತುದಿಯಲ್ಲಿ ಮಾನಿಟರ್ ಸ್ವಲ್ಪ ನಡುಗುತ್ತದೆ. ಆರ್ಮನ್ನು ಪೂರ್ತಿ ಚಾಚದೆ ಗಿಡ್ಡ ಮಾಡಿ ಇಟ್ಟರೆ ಕಡಿಮೆಯಾಗುತ್ತದೆ.

ಉದ್ಯಮಬಾಗ್, ಬೆಳಗಾವಿ, ಮಷೀನ್ ಶಾಪ್

ತಂಗೀ, 18 ಮಿಲಿಮೀಟರ್ ಪಾರ್ಟಿಕಲ್ ಬೋರ್ಡಿಗೆ ಕ್ಲ್ಯಾಂಪ್ ನೇರ ಬಿಗಿದರೆ ಗುಳಿ ಬೀಳುತ್ತದೆ, ಆಮೇಲೆ ಅಲ್ಲೇ ಒಡೆಯುತ್ತದೆ. ಭಾರ ಹರಡಬೇಕು. 3 ಮಿಲಿಮೀಟರ್ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಎರಡು ತುಂಡು ಕತ್ತರಿಸಿಕೊಳ್ಳಿ, ಒಂದು ಮೇಲೆ ಒಂದು ಕೆಳಗೆ, ಸುಮಾರು 6 ಇಂಚು ಉದ್ದ 4 ಇಂಚು ಅಗಲ. ಹಲಗೆಗೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಜಾರುವುದಿಲ್ಲ. ಫುಟ್‌ರೆಸ್ಟ್ ಮಾಡಿಸಲು ಹೋದಾಗಲೇ ಇದನ್ನೂ ಹೇಳಿ, ಉಳಿದ ತುಂಡಿನಲ್ಲೇ ಆಗುತ್ತದೆ. ಅಂಚು ಗ್ರೈಂಡ್ ಮಾಡಿ ಕೊಡಿ ಅಂತ ಮರೆಯದೆ ಹೇಳಿ. ಕತ್ತರಿಸಿದ ಪ್ಲೇಟು ಕೈ ಕೊಯ್ಯುತ್ತದೆ.